ನೋಟಕ್ಕೆ ಹತ್ತು ನಿಮಿಷ

ಕ್ಯಾಲೆಂಡರಿನ ಜನವರಿಯನ್ನು ಹರಿದು
ಅದರ ಬೆನ್ನಿಗೆ ಗೆರೆ ಎಳೆಯುತ್ತಿದ್ದೇನೆ.
ನಾಳೆ ಬುಧವಾರ. ಹಡಗು ಎಂಟಕ್ಕೆ ಬಂದು
ನಾಲ್ಕೂವರೆಗೆ ಏಣಿ ಎತ್ತುತ್ತದೆ.
ಇಳಿಯುವುದರಲ್ಲೇ ಒಂದು ಗಂಟೆ ಸೋರಿಹೋಗುತ್ತದೆ:
ಟೋಪಿ ಮರೆತವರು, ಬಾತ್‌ರೂಮು ಹುಡುಕುವವರು,
'ಇದು ಯಾವ ದ್ವೀಪ?' ಎಂದು ಗಂಡನನ್ನು ಕೇಳುವವರು.

ನನ್ನ ಪಾಲಿಗೆ ಎಂಟು ಜನ.
ಒಬ್ಬಾಕೆಗೆ ಮಂಡಿನೋವು, ಮೆಟ್ಟಿಲು ಕೂಡದು.
ಒಬ್ಬನಿಗೆ ಕೋತಿ ಬೇಕೇ ಬೇಕು.
ಒಂದು ಜೋಡಿಗೆ 'ಜನ ಇಲ್ಲದ ಬೀಚು';
ಅಂದರೆ ನಾವು ಇಲ್ಲದ್ದೋ,
ಅವರ ಹಡಗಿನವರೇ ಇಲ್ಲದ್ದೋ, ಕೇಳಲಿಲ್ಲ.
ಮೇವಿಸ್ ಎಂಬಾಕೆ ಮೂರು ಸಲ ಬರೆದಿದ್ದಾಳೆ:
ವಾಪಸು ಬರುವುದು ಯಾರ ಟೈಮಿಗೆ,
ನಿಮ್ಮ ಗಡಿಯಾರದ್ದೋ, ಹಡಗಿನದೋ?
ಮೂರು ಸಲವೂ ಬರೆದೆ:
ಯಾವುದು ಮುಂದಿದೆಯೋ ಅದರದ್ದು.

ನನ್ನ ವ್ಯಾನಿನ ಹಣೆಯ ಮೇಲೆ 'ದಯೆ' ಎಂದು ಬರೆಸಿದ್ದೇನೆ,
ಹಸಿರು ಅಕ್ಷರ, ಹಳದಿ ಅಂಚು.
ಬ್ರೇಕಿಗೆ ಮಾತ್ರ ಬೇರೆ ದುಡ್ಡು ಹಾಕಬೇಕು.
ಒಂಬತ್ತಕ್ಕೆ ಹೊರಟರೆ ಆನಂಡೇಲ್ ಜಲಪಾತ, ಇಪ್ಪತ್ತು ನಿಮಿಷ.
ಮಂಡಿಯಾಕೆ ಗೇಟಿನಲ್ಲೇ ಕೂತು ಸದ್ದು ಕೇಳಲಿ.
ಹಾವಿನ ಹಾಗೆ ಸುತ್ತುವ ದಾರಿ ಹತ್ತಿ
ಗ್ರ್ಯಾಂಡ್ ಎಟಾಂಗ್ ಕೆರೆ, ಅರ್ಧ ಗಂಟೆ.
ಕೋತಿ ಬಂದರೆ ಬಂತು; ಬರದಿದ್ದರೆ
ಬಾಳೆಹಣ್ಣು ನನಗಾಯಿತು.

ಬೋನಿಫೇಸ್ ನಗುತ್ತಾನೆ: 'ಗ್ವಾವ್‌ಗೆ ಯಾಕೆ ಸುತ್ತುತ್ತೀ?
ನೆಟ್ಟಗೆ ಬೀಚಿಗೆ ಇಳಿಸು,
ಕುರ್ಚಿಯವನ ಹತ್ತಿರ ಕಮಿಷನ್ ತಗೋ,
ಬಾದಾಮಿ ಮರದಡಿ ಮಲಗು, ಮೂರಕ್ಕೆ ಹಾರನ್ ಹೊಡಿ.'
ಇಪ್ಪತ್ತು ವರ್ಷದ ಅನುಭವ ಅವನದು, ಹೊಟ್ಟೆಯೂ ಅಷ್ಟೇ.
ಜಾಯಿಕಾಯಿ ತೋರಿಸಬೇಕು, ಅಂದೆ.
ಅವರ ಕೇಕಿನ ಮೇಲೆ ಉದುರುವ ಪುಡಿ
ಎಷ್ಟು ಹೆಂಗಸರ ಬೆರಳು ದಾಟಿ ಹೋಗುತ್ತದೆ, ನೋಡಲಿ.
ಬಾವುಟದ ಮೇಲೂ ಇರುವ ಕಾಯಿ ಅದು,
ಈ ದ್ವೀಪದಲ್ಲಿ ಎದುರಾಡುವವರಿಲ್ಲ.

ನಿಜ ಬೇರೆ.
ನಾಳೆ ಗ್ವಾವ್ ಮೈದಾನದಲ್ಲಿ ಶಾಲೆಯ ಕ್ರೀಡಾಕೂಟ.
ಹನ್ನೆರಡೂಕಾಲಿಗೆ ಇನ್ನೂರು ಮೀಟರ್,
ಮೂರನೇ ಪಟ್ಟೆಯಲ್ಲಿ ನನ್ನ ಕೆಲ್ಡನ್.
ಹೋದ ವರ್ಷವೂ ಹಡಗಿತ್ತು. ಅದರ ಹಿಂದಿನ ವರ್ಷ ಎರಡಿದ್ದವು.
ಈ ಸಲ ಅವನು ಕೇಳಲೇ ಇಲ್ಲ.
ಶೂವಿಗೆ ಚಾಕು ತಿಕ್ಕಿ ಬಾಗಿಲ ಬಳಿ ಇಟ್ಟು
ಗೋಡೆಗೆ ಮುಖ ಮಾಡಿ ಮಲಗಿದ್ದಾನೆ,
ನಿದ್ದೆ ಬಂದವರ ಹಾಗೆ.

ಪಟ್ಟಿಯಲ್ಲಿ ಬರೆದೆ:
'ಸಮುದ್ರದ ನೋಟ, ಫೋಟೋಗೆ ಹತ್ತು ನಿಮಿಷ.'
ಸುಳ್ಳಲ್ಲ. ಮೈದಾನದ ಆಚೆ ಸಮುದ್ರವೇ,
ಮೀನಿನ ದೋಣಿ, ಪೆಲಿಕನ್, ಎಲ್ಲ ಉಂಟು.
ಅವರು ಸಮುದ್ರ ನೋಡಲಿ.
ನಾನು ಅದಕ್ಕಿಂತ ಐವತ್ತು ಗಜ ಈಚೆ ನೋಡುತ್ತೇನೆ.

ಆದರೆ ಶಾಲೆಯ ಓಟ ಯಾವತ್ತು ಹೊತ್ತಿಗೆ ಶುರುವಾಗಿದೆ?
ಪಾದ್ರಿಯ ಪ್ರಾರ್ಥನೆ, ಅದರ ಬಾಲಕ್ಕೆ ಮಂತ್ರಿಯ ಭಾಷಣ,
ಮೈಕು ಕೀರುವುದು, ಪಿಸ್ತೂಲಿನ ಮದ್ದು ತರಲು
ಯಾರೋ ಸೈಕಲ್ಲು ಹತ್ತುವುದು.
ಹತ್ತನ್ನು ಹೊಡೆದು ಹದಿನೈದು ಮಾಡಿದೆ.
ಐದು ನಿಮಿಷ ಜಲಪಾತದಿಂದ ಕದ್ದೆ,
ನೀರೇನು, ದಿನವೂ ಬೀಳುತ್ತದೆ.
ಇನ್ನೂ ಸಾಲದು ಅನಿಸಿ ಊಟಕ್ಕೆ ಕೈ ಹಾಕಿದೆ.
ಜಾಸಿಂತಳಿಗೆ ಫೋನು: ಹನ್ನೊಂದಕ್ಕೇ ಒಲೆ ಹಚ್ಚು,
ದೀಗುಜ್ಜೆ ಬೆಂದು ತೆಂಗಿನಹಾಲು ಇಂಗಿರಲಿ,
ನಾವು ಕೂತ ಕೂಡಲೇ ತಟ್ಟೆ ಬರಬೇಕು.
'ಯಾರಿಗೆ ಇಷ್ಟು ಅವಸರ?' ಅಂದಳು.
ಹಡಗಿಗೆ, ಅಂದೆ.

ಎಂಟು ಜನರಲ್ಲಿ ಒಬ್ಬರಾದರೂ
ಗೋಡೆಯಾಚೆಯ ಕೂಗು ಕೇಳಿ
'ಅಲ್ಲೇನು?' ಎಂದು ಕತ್ತು ಉದ್ದ ಮಾಡಿದರೆ
ಎಲ್ಲರನ್ನೂ ಇಳಿಸಿಬಿಡುತ್ತೇನೆ. ಕೋತಿಯವನೂ ಕೂಗಲಿ.
ಯಾರೂ ಕೇಳದಿದ್ದರೆ
ವ್ಯಾನಿನ ಬಾನೆಟ್ಟು ಎತ್ತಿ, ಬಿಸಿಯಾಗಿದೆ, ಅನ್ನುತ್ತೇನೆ.

ಕೆಲ್ಡನ್‌ಗೆ ಹೇಳಿಲ್ಲ.
ಹಡಗು ತಡವಾಗಿ ಬಂದರೆ?
ಡೀಸೆಲ್ಲು ಬೇರೆ ಕಾಲು ಟ್ಯಾಂಕು.
ಐದಕ್ಕೇ ಎದ್ದು ಬಂಕಿಗೆ ಹೋಗಬೇಕು.