ಗೊತ್ತಿಲ್ಲ ಅಂದಾಕಿ

ನನಗಿಂತ ಮೊದಲ ರೇಷ್ಮಿಗೆ ಗೊತ್ತಾತು.
ಒಡಲಿನ ಎಳಿಗೆ ಸೆರಗಿನ ಎಳಿ ಕೂಡಿಸಿ
ಕೊಂಡಿ ಹಾಕುವಾಗ ತೋರುಬಳ್ಳಿನ ತುದಿಗೆ
ಯಾವುದೋ ಒಂದು ಹಿಡಕೊಂತು, ಬಿಡಲಿಲ್ಲ.
ಬೆಳಕಿಗೆ ಹಿಡದು ನೋಡಿದರ
ಜ್ವಾಳದ ಕಾಳಿನಷ್ಟು, ಮ್ಯಾಲ ಒರಟ ಬಿರಿದ
ನರೂಲಿ.

ಇಳಕಲ್ಲಿನಾಗ ಬಳ್ಳಿಗೆ ಏನಾದರೂ ಆತಂದರ
ಮನಿಗೇ ಆದಂಗ.
ಒಂದು ಎಳಿ ಹರಿದರ ಮಾಲಕರು ಬರಿಯೂದು ನನ್ನ ಲೆಕ್ಕಕ್ಕ.

ಕಂಡಿಕಿ ಸುತ್ತುತ್ತಿದ್ದ ನೀಲಗಂಗವ್ವ
ಚಾಳೀಸು ಏರಿಸಿ ಕೇಳಿದಳು:
"ಮಾಳಗಿ ಮ್ಯಾಲ ಮಲಗಿ ಚುಕ್ಕಿ ಎಣಿಸಿದಿ ಹೌದಲ್ಲೊ?"
ಎಣಿಸಿದ್ದೆ. ಹ್ವಾದ ಬ್ಯಾಸಗಿ, ಕರೆಂಟು ಹ್ವಾದ ರಾತ್ರಿ,
ನಲವತ್ತರ ತನಕ. ಆಮ್ಯಾಲ ನಿದ್ದಿ ಬಂತು.
ನಲವತ್ತು ಚುಕ್ಕಿಗೆ ಒಂದ ನರೂಲಿ.
ತುಟ್ಟಿ ಏನಲ್ಲ.

ಕುದರಿ ಬಾಲದ ಕೂದಲಾ ಬಿಗದು ಕಟ್ಟು, ಅಂದರು ಭಾವ.
ಹುಸೇನಸಾಬರ ಟಾಂಗಾದ ಕುದರಿ ಸತ್ತು
ಹನ್ನೆರಡು ವರ್ಷ ಆತು. ಅದರ ಬಾಲ ಎಲ್ಲಿಂದ ತರಲಿ?
ಸುಣ್ಣಾ ಸೋಡಾ ಕಲಿಸಿ ಹಚ್ಚು, ಅಂದಳು ನಾದಿನಿ.
ಹಚ್ಚಿದೆ.
ನರೂಲಿ ಉಳೀತು, ಸುತ್ತಲಿನ ತೊಗಲು ಹೋತು,
ಎಂಟು ದಿನದ ಕೂಲಿನೂ ಹೋತು.
ಹಳ್ಳಕ್ಕ ಉಪ್ಪು ಬಿಟ್ಟು ತಿರುಗಿ ನೋಡಲಾರದ ಬಾ,
ಅಂದಳು ಹಿಂದಿನ ಮನಿ ಗೌರಕ್ಕ.
ತಿರುಗಿ ನೋಡಿದೆ. ಒಂದು ಆಡು ನಿಂತಿತ್ತು.
ಕಲ್ಲಿನ ಫ್ಯಾಕ್ಟರಿಗೆ ಹೋಗೂ ತಮ್ಮ
"ಗ್ರೈಂಡರ್ ಹಚ್ಚಲೇನವ್ವಾ?" ಅಂತ ನಕ್ಕ.
ಔಷಧದ ಅಂಗಡ್ಯಾಂವ ಬಳ್ಳಿನ ಕಡೆ ನೋಡಲೇ ಇಲ್ಲ,
ಒಂದು ಟ್ಯೂಬು ಕೈಗಿಟ್ಟು ಚಿಲ್ಲರ ಕೇಳಿದ.

ಇಷ್ಟು ಮಂದಿ, ಇಷ್ಟು ಮಾತು.
ಯಾರ ದನಿಯೊಳಗೂ
ಒಂದು ಎಳಿಯಷ್ಟೂ ಸಂಶೇ ಇರಲಿಲ್ಲ.

ಸರಕಾರಿ ದವಾಖಾನಿ. ಚೀಟಿ ನಂಬರು ಮೂವತ್ತೊಂದು.
ಬುಧವಾರಕ್ಕೊಮ್ಮೆ ಬರೂ ತೊಗಲಿನ ಡಾಕ್ಟರು,
ಸಣ್ಣ ವಯಸ್ಸಿನಾಕಿ, ಹೆಸರು ಮುನವ್ವರಾ.
ಕಿಡಕಿ ಕಡೆ ತಿರುಗಿಸಿ ನನ್ನ ಬಳ್ಳು ಹಿಡದು ನೋಡಿದಳು,
ಹಾಸಿನ್ಯಾಗ ಹುಸಿ ಎಳಿ ಹುಡುಕುವಂಗ.
"ಇದು ವೈರಸ್ಸು. ಚುಕ್ಕಿದೇನು ತಪ್ಪಿಲ್ಲ.
ಕೆರೀಬ್ಯಾಡ, ಕೊಯ್ಯಬ್ಯಾಡ,
ಹಲ್ಲಿನಿಂದ ಅಂತೂ ಕಡೀಬ್ಯಾಡ.
ನಿನ್ನ ಟವೆಲ್ಲು ನಿನಗ ಬ್ಯಾರೆ ಇರಲಿ.
ಈ ಔಷಧ ದಿನಾ ರಾತ್ರಿ ಹಚ್ಚು, ಬರೇ ಅದರ ಮ್ಯಾಲ.
ತಾನಾಗೇನೂ ಹೋಗಬಹುದು."

"ಯಾವಾಗ ಹೋಗತೈತ್ರೀ?"

ಪೆನ್ನು ಕೆಳಗಿಟ್ಟಳು. ನನ್ನ ಮುಖ ನೋಡಿದಳು.
"ಗೊತ್ತಿಲ್ಲ," ಅಂದಳು.
"ತಿಂಗಳಗಟ್ಟಲೆ ಹಿಡೀಬಹುದು. ಹೋಗಿ ಮತ್ತ ಬರಲೂಬಹುದು."

ಹೊರಗ ಬಂದು ಬೇವಿನ ಗಿಡದ ಬುಡಕ ಕುಂತೆ.
"ಇಷ್ಟು ಓದಿ ಗೊತ್ತಿಲ್ಲ ಅಂತಾಳ?" ಅಂದಾಳು ನೀಲಗಂಗವ್ವ,
ಅದೂ ಖರೆ.
ಆದರ ಗಂಟಿಲ್ಲದ ಎಳಿ ಬಳ್ಳಿನ ನಡುವ ಹಾದಾಗ
ಹೆಂಗ ತಿಳೀತೈತೋ, ಹಂಗ
ಆ ಮಾತು ನನಗ ಹಾದು ಹೋತು.

ದೀಪಾವಳಿಗೆ ಸುರು ಮಾಡಿದ್ದು.
ಹೋಳಿ ಹತ್ತರ ಬಂದಾಗ ಒಂದು ಮಧ್ಯಾನ
ಸೆರಗೆಲ್ಲಾ ಕೊಂಡಿ ಹಾಕಿ ಮುಗಿಸಿ ಎದ್ದೆ.
ಯಾವ ಎಳೀನೂ ನನ್ನ ಹಿಡದು ನಿಲ್ಲಿಸಿರಲಿಲ್ಲ.
ಬಳ್ಳು ನೋಡಿಕೊಂಡಿದ್ದು ಚಾ ಕುಡಿಯುವಾಗ.

ನಾದಿನಿ: ನಾ ಹೇಳಿದ ಸುಣ್ಣ, ನೋಡು!
ಗೌರಕ್ಕ: ತಡಾ ಆದರೂ ಉಪ್ಪು ಕೆಲಸಾ ಮಾಡತೈತಿ.
ನೀಲಗಂಗವ್ವ ಮಾತಾಡಲಿಲ್ಲ.
ನನ್ನ ಹೆಸರಲೆ ಗುಡಿಗೆ ಕಸಬರಿಗಿ ಕೊಟ್ಟು ಬಂದಿದ್ದಳಂತ,
ಮೊಣಕಾಲು ನೋವಿನ್ಯಾಗ, ಬಿಸಲಾಗ, ನಡಕೊಂತ.
ಆಕೆಗೆ ಚಾ ಬಗ್ಗಿಸಿ ಕೊಟ್ಟೆ, ಸಕ್ಕರಿ ಹೆಚ್ಚಿಗೆ ಹಾಕಿ.
"ಯಾವುದರಿಂದ ಹೋತು?" ಅಂತ ತಮ್ಮ ಕೇಳಿದ.
ಗೊತ್ತಿಲ್ಲ, ಅಂದೆ. ಬುಧವಾರ ಡಾಕ್ಟರ್ ಬರತಾಳ,
ನಿನಗ ಬಂದರ ಹೋಗಿ ತೋರಿಸು, ಅಂದೆ.

ಅವತ್ತ ರಾತ್ರಿ ಕರೆಂಟು ಹೋತು.
ಮಾಳಗಿ ಮ್ಯಾಲ ಹಾಸಿಗಿ ಹಾಸಿ
ನಲವತ್ತೊಂದರಿಂದ ಎಣಿಸಾಕ ಹತ್ತಿದೆ.