ನಡುವಿನ ತಿಂಗಳು

ಮೇಲಿನ ಕಚೇರಿಯ ನಮೂನೆಯಲ್ಲಿ ನಾಲ್ಕೇ ಕಾಲಂ:
ಹೆಸರು, ಪಾಸಾದ ದಿನ, ಕೆಲಸ ಸಿಕ್ಕ ದಿನ,
ತಡವಾಗಿದ್ದರೆ ಕಾರಣ. ಅದಕ್ಕೆ ಅರ್ಧ ಇಂಚು ಜಾಗ.

ವರ್ಕ್‌ಶಾಪಿನ ಲೇತ್ ಪಕ್ಕ ಸ್ಟೂಲು ಎಳೆದುಕೊಂಡು
ಹೋದ ವರ್ಷದವರಿಗೆ ಫೋನ್ ಮಾಡುತ್ತ ಕೂತಿದ್ದೇನೆ.

ಎರಡು ಸಲ ಕೂತು ಪಾಸಾದ ರೋಶನ್ ಫರ್ನಾಂಡಿಸ್‌ಗೆ
ಒಂಬತ್ತೇ ದಿನ. ಸೋದರಮಾವನ ಹಳೇ ಸ್ಕೂಟರು,
ಗುತ್ತಿಗೆದಾರನ ಮುಂದೆ ತಡವರಿಸದ ಹಿಂದಿ.

ತರಗತಿಗೇ ಮೊದಲಿದ್ದ ಸುಲಕ್ಷಾ ತಾಂಡೇಲಳಿಗೆ ಹನ್ನೊಂದು ತಿಂಗಳು.
ಬಿಣಗಾದಲ್ಲಿ ಎರಡನೇ ಪಾಳಿ ಬಿಡುವುದು ಹತ್ತಕ್ಕೆ,
ಮಾಜಾಳಿಯ ಕೊನೇ ಬಸ್ಸು ಒಂಬತ್ತೂವರೆಗೆ.
ಆ ಅರ್ಧ ಗಂಟೆಯನ್ನು
ಯಾವ ಸೆಮಿಸ್ಟರಿನಲ್ಲಿ ಕಲಿಸಬೇಕಿತ್ತು ನಾನು?

ನೌಕಾನೆಲೆಯ ಗೇಟ್ ಪಾಸಿಗೆ ಓಡಾಡಿದ ದಿಗಂಬರ
ಅಂಕಪಟ್ಟಿಯಲ್ಲಿ ಹರಿಕಂತ್ರ, ಆಧಾರಿನಲ್ಲಿ ಹರಿಕಾಂತ.
ಒಂದು ದೀರ್ಘ ಹೆಚ್ಚು, ಒಂದು ಒತ್ತು ಕಡಿಮೆ:
ನಾಲ್ಕು ತಿಂಗಳು.
ಅಷ್ಟರಲ್ಲಿ ಬೈತಖೋಲಿನ ದಕ್ಕೆಯಲ್ಲಿ
ಹದಿನಾರು ಬೋಟಿನ ಎಂಜಿನ್ ಬಿಚ್ಚಿ ಕೂಡಿಸಿದ್ದ.
"ಅದು ಅನುಭವ ಅಲ್ಲವಂತೆ ಸರ್, ಲೆಟರ್‌ಹೆಡ್ ಇಲ್ಲ."

'ಕೌಶಲ್ಯದ ಕೊರತೆ' ಎಂದರೆ ಅರ್ಧ ಇಂಚಿಗೆ ಸರಿಯಾಗಿ ಕೂರುತ್ತದೆ.
ಹೋದ ಸಲ ಎಲ್ಲರಿಗೂ ಅದನ್ನೇ ಬರೆದೆ,
ಯಾರೂ ಮರಳಿ ಕೇಳಲಿಲ್ಲ.

ಮೂರು ದಿನದಲ್ಲಿ ಒಂದು ತಿಳಿಯಿತು:
ಕೆಲಸ ಸಿಕ್ಕವರು
ಊಟದ ಬಿಡುವಿನ ತನಕ ಫೋನ್ ಎತ್ತುವುದಿಲ್ಲ.

ಪ್ರಮೀಳಾ ಗೌಡ, ಅಂಕೋಲೆಯ ಆಚೆ, ಸಿವಿಲ್,
ಹದಿನಾಲ್ಕನೆಯ ತಿಂಗಳು.
ಮೊದಲ ರಿಂಗು ಪೂರ್ತಿ ಆಗಲಿಲ್ಲ.
ನಾನು ನಮೂನೆಯ ಮಾತು ತೆಗೆಯುವ ಮೊದಲೇ
"ಯಾವಾಗ ಬರ್ಲಿ ಸರ್?
ಜೆರಾಕ್ಸ್ ಎಲ್ಲ ರೆಡಿ ಅದೆ."