ತಗರ

ರಾತ್ರಿ ಹತ್ತೂವರೆ. ಹದಡಿ ರಸ್ತೆ.
ಷಟರ್ ಅರ್ಧ ಎಳೆದಿದ್ದೆ,
ಬಗ್ಗಿ ಒಳಗೆ ಬಂದಳು ಮೆಹರಾಜಬಿ,
ಹುಬ್ಬಿನ ಮೇಲೆ ಭತ್ತದ ಹೊಟ್ಟಿನ ಮಸಿ.
"ನಿದ್ದಿ ಗುಳಿಗಿ ಕೊಡ್ರಿ ಅಣ್ಣಾರ. ಚೀಟಿ ಇಲ್ಲ."

ಬೆಳಗಿನ ಜಾವ ಮೂರಕ್ಕೆ ಮಂಡಕ್ಕಿ ಭಟ್ಟಿ.
ಅದಕ್ಕೆ ಮುಂಚೆ ಕಣ್ಣು ಮುಚ್ಚಿದರೆ
ಕಾದ ಮರಳಿಗೆ ಅಕ್ಕಿ ಸುರಿದಂತೆ
ತಲೆಯೊಳಗೆ ಏನೇನೋ
ಚಟಚಟ ಅರಳುತ್ತದಂತೆ.

ಕೆಂಪು ಗೆರೆಯ ಗುಳಿಗೆ ಹಾಗೆಲ್ಲ ಕೊಡುವಂತಿಲ್ಲ.
ಡಾಕ್ಟರ ಸಹಿ ಬೇಕು,
ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ಎಷ್ಟು ಅಂತ.
ಮೊನ್ನೆ ಇನ್ಸ್‌ಪೆಕ್ಟರು ಬಂದು
ಒಂದೊಂದು ಸಾಲಿಗೂ ಬೆರಳಿಟ್ಟು ಎಣಿಸಿದರು,
ಎಣಿಸುತ್ತ ಎಣಿಸುತ್ತ ಆಕಳಿಸಿದರು.

ಮೇಲಿನ ಹಲಗೆಯಿಂದ ಬೇರೆ ಡಬ್ಬಿ ಇಳಿಸಿದೆ.
ತಗರದ ಬೇರು;
ಚೀಟಿಯ ಮೇಲೆ ವಲೇರಿಯನ್ ಅಂತ ದೊರೆಸಾನಿ ಹೆಸರು.
ಹಿಂದೆ ಇರುವೆ ಸಾಲಿನಂಥ ಅಕ್ಷರ.
ಕನ್ನಡಕ ಏರಿಸಿ ಓದಿ ಹೇಳಿದೆ:
ಇದು ಔಷಧಿ ಅಲ್ಲ.
ಯಾವ ರೋಗವನ್ನೂ ವಾಸಿ ಮಾಡುವುದಿಲ್ಲ.
ನುಂಗಿದ ಮೇಲೆ ಗಾಡಿ ಓಡಿಸಬಾರದು.
ಬಸುರಿ, ಬಾಣಂತಿ ಕೇಳದೆ ಮುಟ್ಟಬಾರದು.
"ಔಷಧಿ ಅಲ್ಲಂದ್ರ
ಔಷಧಿ ಅಂಗಡ್ಯಾಗ ಯಾಕ ಐತ್ರಿ?"
ಇಪ್ಪತ್ತೆರಡು ವರ್ಷದಿಂದ ಗಲ್ಲೆಯ ಹಿಂದೆ ಕೂತವನಿಗೆ
ಉತ್ತರ ಹೊಳೆಯಲಿಲ್ಲ.

ಮುಚ್ಚಳ ತಿರುವಿದಳು. ಮುಖ ಕಿವುಚಿದಳು.
"ಅಯ್ಯ, ನಮ್ಮನಿಯವ್ರು ಲಾರಿ ಇಳಿದು ಬಂದು
ಕಾಲುಚೀಲ ಬಿಚ್ಚಿದ ವಾಸನಿ!"
ನಕ್ಕಳು.
ನಕ್ಕು, ಯಾಕೋ,
ಇನ್ನೊಮ್ಮೆ ಮೂಸಿದಳು.
ಅರ್ಧ ದುಡ್ಡು ಕೊಟ್ಟು, ಅರ್ಧ ಶುಕ್ರವಾರ ಅಂದಳು.

ಶುಕ್ರವಾರ ಬಂದಳು. ಕೇಳಿದೆ,
ಎಷ್ಟು ತಗೊಂಡೆ, ಊಟದ ಮೇಲೋ, ಮೊದಲೋ?
"ಒಂದೂ ನುಂಗಿಲ್ಲ.
ಮುಚ್ಚಳ ತಗದು ತಲಿದಿಂಬಿನ ಬದೀಗೆ ಇಡ್ತೀನಿ.
ಓಣಿ ಬೆಕ್ಕು ಬಂದು, ಡಬ್ಬಿಗೆ ಗಲ್ಲ ತಿಕ್ಕಿ,
ಉರುಳಾಡಿ ಉರುಳಾಡಿ ಮಕ್ಕೊಂತೈತಿ."
ನಿನಗೆ?
"ಬೆಕ್ಕಿನ ಹೊಟ್ಟಿ ಏರಿಳಿಯೋದು ನೋಡ್ತಾ ಇರ್ತೀನಿ.
ಆಮ್ಯಾಗಿಂದು ಗೊತ್ತಿಲ್ಲ."

ಇದಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.
ಬ್ಯಾಚ್ ನಂಬರು ಇದೆ, ಲೈಸೆನ್ಸು ಇದೆ,
ಮುಗಿಯುವ ತಾರೀಖು ಇದೆ.
ಒಂದು ಡಬ್ಬಿ ನಾನೂ ಮನೆಗೆ ಒಯ್ದೆ,
ಬರೆದಂತೆ, ಊಟವಾಗಿ ಒಂದು ತಾಸಿಗೆ,
ಬಿಸಿನೀರಿನಲ್ಲಿ, ಎರಡು.
ಬೆಕ್ಕು ಬರಲಿಲ್ಲ. ನಮ್ಮದು ಮೂರನೇ ಮಹಡಿ.

ಕಿಟಕಿಯಲ್ಲಿ ಹೊಟ್ಟಿನ ಹೊಗೆ ಕಾಣಿಸಿತು.
ಮೂರು ಗಂಟೆ. ಎದ್ದಿರಬೇಕು ಆಕೆ.
ಎದ್ದಳು ಅಂದರೆ
ಮಲಗಿದ್ದಳು ಅಂತ ತಾನೆ.